ಸ್ಕ್ಯಾನಿಂಗ್ ಯಂತ್ರದಲ್ಲಿ ಹಳೆಯ ವಿಂಡೋಸ್ ಇದ್ದರೆ ರಿಪೋರ್ಟ್ ತಪ್ಪಾಗುತ್ತದೆಯೇ? ನಿಜವಾದ ಅಪಾಯ ಎಲ್ಲಿದೆ?

ಸ್ಕ್ಯಾನಿಂಗ್ ಕೋಣೆಯ ಹೊರಗೆ ನಿಮ್ಮ ಸರದಿಗಾಗಿ ಕಾಯುತ್ತಿದ್ದೀರಿ. ಗಾಜಿನ ಆಚೆ ಟೆಕ್ನಿಷಿಯನ್ ಮುಂದಿರುವ ಕಂಪ್ಯೂಟರ್ ಪರದೆ ಕಾಣುತ್ತದೆ. ಅದರಲ್ಲಿ ಹಸಿರು ಗುಡ್ಡ, ನೀಲಿ ಆಕಾಶದ ಹಳೆಯ ಚಿತ್ರ. ಇಪ್ಪತ್ತು ವರ್ಷದ ಹಿಂದೆ ಸೈಬರ್ ಕೆಫೆಯಲ್ಲಿ ನೋಡಿದ್ದ ಅದೇ ವಿಂಡೋಸ್ ಎಕ್ಸ್‌ಪಿ! ಇಂಥ ಪರದೆಯ ಫೋಟೊ ಒಂದು ವಾಟ್ಸ್ಆ್ಯಪ್ ಗುಂಪಿಗೆ ಬಿದ್ದರೆ ಸಾಕು, ಕೆಳಗೆ ಬರಹ ಸೇರಿಕೊಳ್ಳುತ್ತದೆ: 'ಈ ಯಂತ್ರಗಳಲ್ಲಿ ವೈರಸ್ ಇರುತ್ತದೆ, ರಿಪೋರ್ಟ್ ನಂಬಬೇಡಿ, ಸ್ಕ್ಯಾನ್ ಮಾಡಿಸಿಕೊಳ್ಳಬೇಡಿ, ಎಲ್ಲರಿಗೂ ಕಳುಹಿಸಿ.'

ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಸಾಕಷ್ಟು ತಪ್ಪೂ ಇದೆ. ಎರಡನ್ನೂ ಬೇರೆ ಮಾಡಿ ನೋಡೋಣ.

ಒಂದೇ ನೋಟದಲ್ಲಿ ಉತ್ತರ

- ಜಗತ್ತಿನ ಅನೇಕ ಆಸ್ಪತ್ರೆಗಳ ಯಂತ್ರಗಳು ಹಳೆಯ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುತ್ತಿವೆ. ಇದು ನಿಜ.
- ಆಪರೇಟಿಂಗ್ ಸಿಸ್ಟಂ ಹಳೆಯದು ಎಂಬ ಒಂದೇ ಕಾರಣಕ್ಕೆ ಸ್ಕ್ಯಾನ್ ಚಿತ್ರವಾಗಲಿ, ರಿಪೋರ್ಟ್ ಆಗಲಿ ತಪ್ಪಾಗುವುದಿಲ್ಲ.
- ಆ ಯಂತ್ರ ಆಸ್ಪತ್ರೆಯ ಉಳಿದ ಕಂಪ್ಯೂಟರ್‌ಗಳ ಜೊತೆ ರಕ್ಷಣೆಯಿಲ್ಲದೆ ಸಂಪರ್ಕದಲ್ಲಿದ್ದಾಗ ಅಪಾಯ ಶುರುವಾಗುತ್ತದೆ. ದಾಳಿಯಾದರೆ ಆಗುವ ಮುಖ್ಯ ಹಾನಿ ಎಂದರೆ ಚಿಕಿತ್ಸೆ ತಡವಾಗುವುದು.
- ವೈದ್ಯರು ಹೇಳಿದ ಪರೀಕ್ಷೆಯನ್ನು ಈ ಕಾರಣಕ್ಕಾಗಿ ಬಿಡಬೇಡಿ.

ಯಂತ್ರದೊಳಗೆ ವಿಂಡೋಸ್‌ಗೆ ಏನು ಕೆಲಸ?

ಸಿಟಿ ಸ್ಕ್ಯಾನರ್ ಅಥವಾ ಎಂಆರ್‌ಐ ಎಂದರೆ ಒಂದೇ ಯಂತ್ರ ಎಂದು ನಾವು ತಿಳಿದಿರುತ್ತೇವೆ. ಅದು ಹಲವು ಭಾಗಗಳ ಜೋಡಣೆ. ನೀವು ಮಲಗುವ ಹಲಗೆ, ಸುತ್ತಲಿನ ದೊಡ್ಡ ಉಂಗುರ, ಅದರೊಳಗಿನ ಎಕ್ಸ್‌ರೇ ಕೊಳವೆ ಅಥವಾ ಕಾಂತ, ಸಂಕೇತಗಳನ್ನು ಹಿಡಿಯುವ ಡಿಟೆಕ್ಟರ್, ಇವನ್ನೆಲ್ಲ ನಿಯಂತ್ರಿಸುವ ಪ್ರತ್ಯೇಕ ಎಲೆಕ್ಟ್ರಾನಿಕ್ ಭಾಗಗಳು. ಇವುಗಳ ಜೊತೆಗೆ ಟೆಕ್ನಿಷಿಯನ್ ಕೂರುವ ಕಡೆ ಒಂದು ಕಂಪ್ಯೂಟರ್ ಇರುತ್ತದೆ. ಅದಕ್ಕೆ ಕನ್ಸೋಲ್ ಎನ್ನುತ್ತಾರೆ. ರೋಗಿಯ ಹೆಸರು ಬರೆದುಕೊಳ್ಳುವುದು, ಯಾವ ಭಾಗದ ಸ್ಕ್ಯಾನ್ ಎಂದು ಆರಿಸುವುದು, ಬಂದ ಚಿತ್ರ ನೋಡುವುದು, ಅದನ್ನು ವೈದ್ಯರ ಕಂಪ್ಯೂಟರ್‌ಗೆ ಕಳುಹಿಸುವುದು ಇಲ್ಲಿಂದಲೇ.

ಈ ಕನ್ಸೋಲ್‌ನಲ್ಲಿ ಹೆಚ್ಚಾಗಿ ನಮಗೆ ಗೊತ್ತಿರುವ ವಿಂಡೋಸ್ ಅಥವಾ ಲಿನಕ್ಸ್ ಇರುತ್ತದೆ. ಅದರ ಮೇಲೆ ಯಂತ್ರ ತಯಾರಿಸಿದ ಕಂಪನಿಯ ತಂತ್ರಾಂಶ ಕೂತಿರುತ್ತದೆ. ಲ್ಯಾಬ್‌ನ ರಕ್ತ ಪರೀಕ್ಷಾ ಯಂತ್ರ, ಅಲ್ಟ್ರಾಸೌಂಡ್ ಯಂತ್ರ, ಡಿಜಿಟಲ್ ಎಕ್ಸ್‌ರೇಗಳಲ್ಲೂ ಹೀಗೆಯೇ ಒಂದು ಕಂಪ್ಯೂಟರ್ ಅಡಗಿರುತ್ತದೆ.

ಎಲ್ಲ ಉಪಕರಣಗಳೂ ವಿಂಡೋಸ್ ಮೇಲೆ ನಡೆಯುವುದಿಲ್ಲ. ಡ್ರಿಪ್ ಮೂಲಕ ಔಷಧಿಯನ್ನು ಅಳತೆಯಲ್ಲಿ ಬಿಡುವ ಇನ್‌ಫ್ಯೂಷನ್ ಪಂಪ್ ಮತ್ತು ಐಸಿಯು ಮಾನಿಟರ್‌ಗಳಲ್ಲಿ ಕೆಲವು ವಿಎಕ್ಸ್‌ವರ್ಕ್ಸ್, ಕ್ಯೂಎನ್‌ಎಕ್ಸ್‌ನಂಥ ಬೇರೆ ಬಗೆಯ ಸಿಸ್ಟಂ ಬಳಸುತ್ತವೆ. ಇವು ಒಂದೇ ಕೆಲಸವನ್ನು ತಪ್ಪದೆ, ಸಮಯಕ್ಕೆ ಸರಿಯಾಗಿ ಮಾಡಲೆಂದು ರೂಪಿಸಿದವು. ಎದೆಯೊಳಗೆ ಕೂರಿಸುವ ಪೇಸ್‌ಮೇಕರ್‌ನಲ್ಲಂತೂ ವಿಂಡೋಸ್ ಇರುವುದೇ ಇಲ್ಲ.

'ಹಳೆಯದು' ಎಂದರೆ ಏನು?

ಆಪರೇಟಿಂಗ್ ಸಿಸ್ಟಂ ಹಾಲಿನಂತೆ ಕೆಡುವುದಿಲ್ಲ. ಹತ್ತು ವರ್ಷದ ಹಿಂದೆ ಮಾಡುತ್ತಿದ್ದ ಕೆಲಸವನ್ನು ಇಂದೂ ಮಾಡುತ್ತದೆ. ನಿಂತು ಹೋಗುವುದು ತಯಾರಕರು ಕೊಡುವ ಸುರಕ್ಷತಾ ಅಪ್‌ಡೇಟ್.

ಎಷ್ಟೇ ಎಚ್ಚರದಿಂದ ಬರೆದರೂ ತಂತ್ರಾಂಶದಲ್ಲಿ ದೋಷಗಳು ಉಳಿಯುತ್ತವೆ. ಅವು ಪತ್ತೆಯಾದಂತೆ ಕಂಪನಿ ಪ್ಯಾಚ್ ಎಂಬ ತೇಪೆ ಹಾಕುತ್ತದೆ. ಒಂದು ದಿನ ಆ ಕಂಪನಿ 'ಇನ್ನು ಮುಂದೆ ತೇಪೆ ಹಾಕುವುದಿಲ್ಲ' ಎಂದು ಘೋಷಿಸುತ್ತದೆ. ಆಮೇಲೆ ಪತ್ತೆಯಾದ ದೋಷಗಳು ತೆರೆದೇ ಇರುತ್ತವೆ. ಮನೆಯ ಬೀಗ ಗಟ್ಟಿಯಾಗೇ ಇದೆ, ಆದರೆ ಅದರ ನಕಲಿ ಕೀ ಸಂತೆಯಲ್ಲಿ ಸಿಗುತ್ತಿದೆ ಎಂದುಕೊಳ್ಳಿ. ಇದೂ ಹಾಗೆಯೇ.

ಕೆಲವು ದಿನಾಂಕ ನೋಡಿ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂತು, ಅದರ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 7 ಬಂದದ್ದು 2009ರಲ್ಲಿ, ಬೆಂಬಲ ನಿಂತದ್ದು 2020ರ ಜನವರಿ 14ರಂದು. ವಿಂಡೋಸ್ 10ರ ಸಾಮಾನ್ಯ ಆವೃತ್ತಿಗಳ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು.

ಪರದೆಯ ಫೋಟೊ ನೋಡಿ ತೀರ್ಪು ಕೊಡುವಂತಿಲ್ಲ. ಯಂತ್ರಗಳಿಗೆಂದೇ ಮೈಕ್ರೋಸಾಫ್ಟ್ ಹೆಚ್ಚು ಕಾಲ ಬೆಂಬಲ ಇರುವ ವಿಶೇಷ ಆವೃತ್ತಿಗಳನ್ನು ಕೊಡುತ್ತದೆ. ವಿಂಡೋಸ್ 10ರ ಅಂಥ ಒಂದು ಆವೃತ್ತಿಗೆ 2032ರ ಜನವರಿವರೆಗೆ ಅಪ್‌ಡೇಟ್ ಸಿಗಲಿದೆ. ನೋಡಲು ಎರಡೂ ಒಂದೇ ಥರ ಇರುತ್ತವೆ.

ಸಮಸ್ಯೆ ಸಣ್ಣದೇನಲ್ಲ. ಸೈಬರ್ ಸುರಕ್ಷತಾ ಕಂಪನಿ ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನ ಸಂಶೋಧನಾ ತಂಡ 2020ರಲ್ಲಿ ಅಮೆರಿಕದ ಸಾಧನಗಳ ಬಗ್ಗೆ ವರದಿ ಕೊಟ್ಟಿತು. ತಾನು ಗಮನಿಸಿದ ವೈದ್ಯಕೀಯ ಚಿತ್ರಣ ಯಂತ್ರಗಳಲ್ಲಿ ಶೇ 83ರಷ್ಟು ಬೆಂಬಲ ಮುಗಿದ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುತ್ತಿವೆ ಎಂದು ಅದು ಹೇಳಿತು. 2018ಕ್ಕೆ ಹೋಲಿಸಿದರೆ ಇದು ಶೇ 56ರಷ್ಟು ಏರಿಕೆ ಎಂದೂ ವರದಿ ಹೇಳಿತು. ಈ ಏರಿಕೆಗೆ ಮುಖ್ಯ ಕಾರಣ ವಿಂಡೋಸ್ 7ರ ಬೆಂಬಲ ನಿಂತದ್ದು. ಯಂತ್ರಗಳು ಇದ್ದ ಹಾಗೆಯೇ ಇದ್ದವು, ದಿನಾಂಕ ದಾಟಿತು ಅಷ್ಟೆ.

ಆಸ್ಪತ್ರೆಗಳು ಯಾಕೆ ಬದಲಾಯಿಸುವುದಿಲ್ಲ?

'ನಾನು ಮೊಬೈಲ್ ಅಪ್‌ಡೇಟ್ ಮಾಡಿಕೊಳ್ಳುವುದಿಲ್ಲವೇ, ಅವರಿಗೇನು ಕಷ್ಟ?' ಎಂಬ ಪ್ರಶ್ನೆ ಸಹಜ. ಕಾರಣಗಳು ನಾಲ್ಕು.

*ಆಯಸ್ಸಿನ ವ್ಯತ್ಯಾಸ.* ಸಿಟಿ, ಎಂಆರ್‌ಐ ಯಂತ್ರಗಳಿಗೆ ಕೋಟಿಗಟ್ಟಲೆ ಬೆಲೆ. ಅವನ್ನು ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬಳಸುತ್ತಾರೆ. ಆಪರೇಟಿಂಗ್ ಸಿಸ್ಟಂನ ಬೆಂಬಲವೂ ಸುಮಾರು ಹತ್ತು ವರ್ಷವೇ. ಆದರೆ ಯಂತ್ರವನ್ನು ವಿನ್ಯಾಸ ಮಾಡಿ, ಪರೀಕ್ಷಿಸಿ, ಅನುಮತಿ ಪಡೆದು ಮಾರುಕಟ್ಟೆಗೆ ತರುವಷ್ಟರಲ್ಲಿ ಆ ಹತ್ತು ವರ್ಷದಲ್ಲಿ ಕೆಲವು ಕಳೆದೇ ಹೋಗಿರುತ್ತವೆ. ಎಕ್ಸ್‌ಪಿ ಇರುವ ಯಂತ್ರವನ್ನು 2012ರಲ್ಲಿ ಕೊಂಡ ಆಸ್ಪತ್ರೆಗೆ ಸಿಕ್ಕ ಬೆಂಬಲ ಬರೀ ಎರಡು ವರ್ಷ.

*ಇಡೀ ಯಂತ್ರ ಒಂದೇ ಘಟಕ.* ತಯಾರಕರು ಯಂತ್ರ, ತಂತ್ರಾಂಶ, ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ಒಟ್ಟಾಗಿ ಪರೀಕ್ಷಿಸಿ 'ಹೀಗೆ ಬಳಸಿದರೆ ಸುರಕ್ಷಿತ' ಎಂದು ದೃಢಪಡಿಸಿರುತ್ತಾರೆ. ಆಸ್ಪತ್ರೆಯ ಕಂಪ್ಯೂಟರ್ ಸಿಬ್ಬಂದಿ ತಾವಾಗಿಯೇ ವಿಂಡೋಸ್ ಬದಲಾಯಿಸಿದರೆ ಆ ಖಾತರಿ ಉಳಿಯುವುದಿಲ್ಲ. ಹೊಸ ವಿಂಡೋಸ್‌ನಲ್ಲಿ ಹಳೆಯ ಡಿಟೆಕ್ಟರ್‌ನ ಡ್ರೈವರ್ ಕೆಲಸ ಮಾಡದೆಯೂ ಇರಬಹುದು.

*ಅಪ್‌ಡೇಟ್‌ಗೂ ತನ್ನದೇ ಅಪಾಯ ಇದೆ.* 2024ರ ಜುಲೈ 19 ನೆನಪಿದೆಯೇ? ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿ ಕಳುಹಿಸಿದ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ವಿಮಾನಗಳು ರದ್ದಾದವು, ಹಲವು ದೇಶಗಳ ಆಸ್ಪತ್ರೆಗಳಿಗೂ ತೊಂದರೆಯಾಯಿತು. ಅಲ್ಲಿ ದಾಳಿಯೇ ಇರಲಿಲ್ಲ. ಶಸ್ತ್ರಚಿಕಿತ್ಸೆಯ ನಡುವೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗಬಾರದು. ಹಾಗಾಗಿ ವೈದ್ಯಕೀಯ ಉಪಕರಣಗಳಲ್ಲಿ ಅಪ್‌ಡೇಟ್ ಅನ್ನು ಪರೀಕ್ಷಿಸಿಯೇ ಹಾಕಬೇಕು.

*ಹಣ.* ತಯಾರಕರು ಹೊಸ ಆವೃತ್ತಿ ಕೊಟ್ಟರೂ ಅದಕ್ಕೆ ಹೊಸ ಕಂಪ್ಯೂಟರ್, ಹೊಸ ಲೈಸೆನ್ಸ್ ಬೇಕಾಗಬಹುದು. ಚೆನ್ನಾಗಿಯೇ ಚಿತ್ರ ಕೊಡುತ್ತಿರುವ ಯಂತ್ರಕ್ಕೆ ಮತ್ತೆ ಖರ್ಚು ಮಾಡಲು ಸಣ್ಣ ಆಸ್ಪತ್ರೆಗಳು ಹಿಂದೇಟು ಹಾಕುತ್ತವೆ.

ಇದರ ಜೊತೆ ಒಂದು ತಪ್ಪು ನಂಬಿಕೆಯೂ ಸೇರಿಕೊಂಡಿದೆ: 'ಅಪ್‌ಡೇಟ್ ಮಾಡಲು ಸರ್ಕಾರದ ಅನುಮತಿ ಬೇಕು, ಅದಕ್ಕೇ ಮಾಡುತ್ತಿಲ್ಲ.' ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ (ಎಫ್‌ಡಿಎ) ಇದನ್ನು ಸ್ಪಷ್ಟವಾಗಿ ಅಲ್ಲಗಳೆದಿದೆ. ಕೇವಲ ಸೈಬರ್ ಸುರಕ್ಷತೆಯನ್ನು ಬಲಪಡಿಸಲು ಮಾಡುವ ಬದಲಾವಣೆಗೆ ಸಾಮಾನ್ಯವಾಗಿ ಮತ್ತೆ ಪರಿಶೀಲನೆ ಬೇಕಾಗುವುದಿಲ್ಲ ಎಂದು ಅದು ಹೇಳಿದೆ.

ಅಪಾಯ ನಿಜವಾದ ದಿನ: 2017ರ ಮೇ 12

ಹಳೆಯ ಯಂತ್ರ ತನ್ನಷ್ಟಕ್ಕೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರೆ ದಾಳಿಕೋರರಿಗೆ ಅದರ ದಾರಿ ಸುಲಭವಾಗಿ ಸಿಗುವುದಿಲ್ಲ. ಆದರೆ ಇಂದು ಸ್ಕ್ಯಾನ್ ಚಿತ್ರ ನೆಟ್‌ವರ್ಕ್ ಮೂಲಕ ಸರ್ವರ್‌ಗೆ, ಅಲ್ಲಿಂದ ವೈದ್ಯರ ಕಂಪ್ಯೂಟರ್‌ಗೆ ಹೋಗುತ್ತದೆ. ಅದೇ ನೆಟ್‌ವರ್ಕ್‌ನಲ್ಲಿ ಬಿಲ್ಲಿಂಗ್ ಕೌಂಟರ್ ಮತ್ತು ಕಚೇರಿಯ ಕಂಪ್ಯೂಟರ್‌ಗಳೂ ಇರಬಹುದು.

ಅದರಿಂದ ಏನಾಗಬಹುದು ಎಂಬುದನ್ನು ಜಗತ್ತು ನೋಡಿದ್ದು 'ವನ್ನಾಕ್ರೈ' ದಾಳಿಯಲ್ಲಿ. ಇದು ರ್‍ಯಾನ್ಸಮ್‌ವೇರ್, ಅಂದರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ. ಯಾರೂ ಏನನ್ನೂ ಕ್ಲಿಕ್ ಮಾಡದಿದ್ದರೂ ಅದು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನೇ ಹರಡುತ್ತಿತ್ತು. ಬೀಗ ತೆಗೆಯಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳುತ್ತಿತ್ತು.

ಅತಿ ಹೆಚ್ಚು ಸುದ್ದಿಯಾದದ್ದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2017ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ:

- ಇಂಗ್ಲೆಂಡಿನ 236 ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಕನಿಷ್ಠ 80ಕ್ಕೆ ತೊಂದರೆಯಾಯಿತು. 595 ಕುಟುಂಬ ವೈದ್ಯರ ಕ್ಲಿನಿಕ್‌ಗಳಿಗೂ ಸೋಂಕು ತಗುಲಿತು.
- 6,912 ಅಪಾಯಿಂಟ್‌ಮೆಂಟ್‌ಗಳು ರದ್ದಾದದ್ದು ಲೆಕ್ಕಕ್ಕೆ ಸಿಕ್ಕಿತು. ಒಟ್ಟು 19,000ಕ್ಕೂ ಹೆಚ್ಚು ರದ್ದಾಗಿರಬಹುದು ಎಂಬುದು ಅಂದಾಜು.
- ಐದು ಕಡೆ ತುರ್ತು ಚಿಕಿತ್ಸೆಗೆ ಬಂದವರನ್ನು ಬೇರೆ ಆಸ್ಪತ್ರೆಗೆ ಕಳುಹಿಸಬೇಕಾಯಿತು.
- 1,220 ರೋಗಪತ್ತೆ ಉಪಕರಣಗಳಿಗೆ ಸೋಂಕು ತಗುಲಿತ್ತು. ಇದು ಅಲ್ಲಿನ ಒಟ್ಟು ಉಪಕರಣಗಳಲ್ಲಿ ಸುಮಾರು ಶೇ 1.

ಸೋಂಕು ತಗುಲದ ಯಂತ್ರಗಳನ್ನೂ ಹರಡುವ ಭಯದಿಂದ ನೆಟ್‌ವರ್ಕ್‌ನಿಂದ ಕಳಚಬೇಕಾಯಿತು. ಯಂತ್ರ ಸರಿ ಇತ್ತು, ಆದರೆ ಅದರ ಚಿತ್ರ ವೈದ್ಯರನ್ನು ತಲುಪುವ ದಾರಿ ಮುಚ್ಚಿತ್ತು. ಸಿಬ್ಬಂದಿ ಪೆನ್ನು ಕಾಗದ ಹಿಡಿದು ಕೆಲಸ ಮಾಡಿದರು. ಮಾರ್ಕಸ್ ಹಚಿನ್ಸ್ ಎಂಬ ಯುವ ಸಂಶೋಧಕ ಕುತಂತ್ರಾಂಶದೊಳಗೆ ಕಂಡ ಒಂದು ವೆಬ್ ವಿಳಾಸವನ್ನು ನೋಂದಾಯಿಸಿದಾಗ ಅದರ ಹರಡುವಿಕೆ ನಿಂತಿತು. ಈ ಘಟನೆಯಿಂದ ಒಟ್ಟು 9.2 ಕೋಟಿ ಪೌಂಡ್ ನಷ್ಟವಾಯಿತೆಂದು ಬ್ರಿಟಿಷ್ ಆರೋಗ್ಯ ಇಲಾಖೆ ಮರುವರ್ಷ ಅಂದಾಜಿಸಿತು.

ಎನ್‌ಎಚ್‌ಎಸ್ ಮುಳುಗಲು ಎಕ್ಸ್‌ಪಿ ಕಾರಣ ಎಂದು ಆಗ ಎಲ್ಲೆಡೆ ಸುದ್ದಿಯಾಯಿತು. ಆದರೆ ಸೋಂಕು ತಗುಲಿದ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ವಿಂಡೋಸ್ 7. ಆಗ ಅದಕ್ಕೆ ಬೆಂಬಲ ಇನ್ನೂ ಇತ್ತು! ಈ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳಿ ಎಂದು ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಎಚ್ಚರಿಕೆಯೂ ಹೋಗಿತ್ತು. ಅನೇಕರು ಹಾಕಿರಲಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ತುರ್ತು ತೇಪೆ ಕೊಟ್ಟದ್ದು ದಾಳಿ ಶುರುವಾದ ಮೇಲೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಅಂದರೆ ಹಳೆಯ ಸಿಸ್ಟಂ ಎಷ್ಟು ಅಪಾಯವೋ, ತೇಪೆ ಹಾಕದ ಹೊಸ ಸಿಸ್ಟಂ ಕೂಡ ಅಷ್ಟೇ ಅಪಾಯ.

ನಮ್ಮ ದೇಶದಲ್ಲಿ?

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿ ನಡೆಯಿತು. ಹಲವು ದಿನ ಹೊರರೋಗಿಗಳ ನೋಂದಣಿ, ಬಿಲ್, ಲ್ಯಾಬ್ ಕೆಲಸಗಳೆಲ್ಲ ಕೈಬರಹದಲ್ಲಿ ನಡೆದವು. ಐದು ಸರ್ವರ್‌ಗಳಿಗೆ ಹಾನಿಯಾಗಿದೆ, ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಿದೆ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ನೆಟ್‌ವರ್ಕ್ ಅನ್ನು ಸರಿಯಾಗಿ ಭಾಗ ಮಾಡದೆ ಇದ್ದದ್ದು ದಾಳಿಗೆ ದಾರಿ ಮಾಡಿಕೊಟ್ಟಿತು ಎಂಬುದು ತನಿಖೆಯಲ್ಲಿ ಕಂಡ ಅಂಶ.

ಇದು ಸ್ಕ್ಯಾನಿಂಗ್ ಯಂತ್ರದ ಮೇಲಿನ ದಾಳಿಯಲ್ಲ. ಆದರೆ ಪಾಠ ಅದೇ: ಒಂದು ಕೋಣೆಗೆ ನುಗ್ಗಿದವನಿಗೆ ಇಡೀ ಮನೆ ಸಿಗಬಾರದು.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಹಳೆಯ ವಿಂಡೋಸ್ ಇದ್ದರೆ ರಿಪೋರ್ಟ್ ತಪ್ಪು ಬರುತ್ತದೆ.
ವಾಸ್ತವ: ಚಿತ್ರದ ಗುಣಮಟ್ಟ ನಿರ್ಧಾರವಾಗುವುದು ಡಿಟೆಕ್ಟರ್, ಕಾಂತ ಅಥವಾ ಎಕ್ಸ್‌ರೇ ಕೊಳವೆಯ ಸ್ಥಿತಿ, ಯಂತ್ರದ ಅಳತೆಯ ಹೊಂದಾಣಿಕೆ ಮತ್ತು ಟೆಕ್ನಿಷಿಯನ್ ಕೌಶಲದಿಂದ. ರಿಪೋರ್ಟ್ ಬರೆಯುವುದು ರೇಡಿಯಾಲಜಿಸ್ಟ್. ವಿಂಡೋಸ್‌ನ ವಯಸ್ಸು ಇವನ್ನು ಬದಲಾಯಿಸುವುದಿಲ್ಲ.

ನಂಬಿಕೆ: ಹಳೆಯ ಸಿಸ್ಟಂನಿಂದ ವಿಕಿರಣ ಹೆಚ್ಚಾಗುತ್ತದೆ.
ವಾಸ್ತವ: ಇಲ್ಲ. ಎಂಆರ್‌ಐ ಮತ್ತು ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ವಿಕಿರಣವೇ ಇಲ್ಲ. ಎಕ್ಸ್‌ರೇ, ಸಿಟಿ ಯಂತ್ರಗಳು ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಕ್ಕೆ ಒಳಪಟ್ಟಿವೆ. ಅವುಗಳ ಗುಣಮಟ್ಟವನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಬೇಕು.

ನಂಬಿಕೆ: ಹ್ಯಾಕರ್‌ಗಳು ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಸೇರಿಸುತ್ತಿದ್ದಾರೆ.
ವಾಸ್ತವ: ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಸಿಟಿ ಚಿತ್ರಕ್ಕೆ ಗಡ್ಡೆ ಸೇರಿಸುವ, ಇದ್ದ ಗಡ್ಡೆಯನ್ನು ಅಳಿಸುವ ತಂತ್ರವನ್ನು ತೋರಿಸಿಕೊಟ್ಟರು. ಅನುಭವಿ ರೇಡಿಯಾಲಜಿಸ್ಟ್‌ಗಳೂ ಮೋಸ ಹೋದರು. ಆದರೆ ಅದು ಎಚ್ಚರಿಸಲು ಮಾಡಿದ ಪ್ರಯೋಗ, ರೋಗಿಗಳ ಮೇಲೆ ನಡೆದ ದಾಳಿಯಲ್ಲ. ನೆಟ್‌ವರ್ಕ್‌ನಲ್ಲಿ ಚಿತ್ರಗಳನ್ನು ಗೂಢಲಿಪಿಯಲ್ಲಿ ಕಳುಹಿಸಬೇಕು ಎಂಬುದೇ ಅದರ ಸಂದೇಶವಾಗಿತ್ತು.

ನಂಬಿಕೆ: ದೂರದಲ್ಲಿ ಕುಳಿತು ಯಾರು ಬೇಕಾದರೂ ಪೇಸ್‌ಮೇಕರ್ ನಿಲ್ಲಿಸಬಹುದು.
ವಾಸ್ತವ: 2017ರಲ್ಲಿ ಒಂದು ಕಂಪನಿಯ ಕೆಲವು ಪೇಸ್‌ಮೇಕರ್‌ಗಳಲ್ಲಿ ಸುರಕ್ಷತಾ ದೋಷ ಕಂಡಿತು. ಅಮೆರಿಕದಲ್ಲೇ ಅಂಥವು ಸುಮಾರು 4.65 ಲಕ್ಷ ಇದ್ದವು. ದುರ್ಬಳಕೆ ಮಾಡಬೇಕಾದರೆ ರೇಡಿಯೊ ಸಂಕೇತ ತಲುಪುವಷ್ಟು ಹತ್ತಿರ ಇರಬೇಕಿತ್ತು. ಯಾವ ರೋಗಿಗೂ ಹಾನಿಯಾದ ವರದಿ ಇಲ್ಲ ಎಂದು ಎಫ್‌ಡಿಎ ಆಗ ತಿಳಿಸಿತು. ಶಸ್ತ್ರಚಿಕಿತ್ಸೆ ಇಲ್ಲದೆ, ಕ್ಲಿನಿಕ್‌ನಲ್ಲೇ ಕೆಲವು ನಿಮಿಷಗಳಲ್ಲಿ ಅಪ್‌ಡೇಟ್ ಮಾಡಲಾಯಿತು.

ನಂಬಿಕೆ: ಇಂಟರ್‌ನೆಟ್ ಇಲ್ಲದಿದ್ದರೆ ಯಾವ ಅಪಾಯವೂ ಇಲ್ಲ.
ವಾಸ್ತವ: ಅಪಾಯ ಬಹಳ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಪೆನ್ ಡ್ರೈವ್ ಮೂಲಕ, ದುರಸ್ತಿಗೆ ಬಂದವರ ಲ್ಯಾಪ್‌ಟಾಪ್ ಮೂಲಕ ಕುತಂತ್ರಾಂಶ ಒಳಬರಬಹುದು.

ನಂಬಿಕೆ: ಸೈಬರ್ ದಾಳಿಯಿಂದ ಜರ್ಮನಿಯಲ್ಲಿ ರೋಗಿಯೊಬ್ಬರು ಸತ್ತದ್ದು ಸಾಬೀತಾಗಿದೆ.
ವಾಸ್ತವ: 2020ರ ಸೆಪ್ಟೆಂಬರ್‌ನಲ್ಲಿ ಡ್ಯೂಸೆಲ್‌ಡಾರ್ಫ್‌ನ ವಿಶ್ವವಿದ್ಯಾಲಯ ಆಸ್ಪತ್ರೆ ದಾಳಿಗೆ ಸಿಕ್ಕಿ, ಒಬ್ಬ ರೋಗಿಯನ್ನು ಬೇರೆ ಊರಿನ ಆಸ್ಪತ್ರೆಗೆ ಕಳುಹಿಸಲಾಯಿತು. ಅವರು ತೀರಿಕೊಂಡರು. ಆದರೆ ದಾಳಿಯೇ ಸಾವಿಗೆ ಕಾರಣ ಎಂದು ಸಾಧಿಸಲು ಅಲ್ಲಿನ ತನಿಖಾಧಿಕಾರಿಗಳಿಗೆ ಆಗಲಿಲ್ಲ. ಹಾಗೆಂದು ತುರ್ತು ಸಮಯದ ವಿಳಂಬ ಸಣ್ಣ ವಿಷಯವಲ್ಲ. ಪಾರ್ಶ್ವವಾಯು, ಹೃದಯಾಘಾತದಲ್ಲಿ ಪ್ರತಿ ನಿಮಿಷಕ್ಕೂ ಬೆಲೆ ಇದೆ.

ಆಸ್ಪತ್ರೆಗಳು ಏನು ಮಾಡಬೇಕು?

ಹಳೆಯ ಯಂತ್ರವನ್ನೆಲ್ಲ ಎಸೆಯಬೇಕಿಲ್ಲ. ಮೊದಲು ಯಾವ ಯಂತ್ರದಲ್ಲಿ ಯಾವ ಸಿಸ್ಟಂ ಇದೆ ಎಂಬ ಪಟ್ಟಿ ಇರಬೇಕು. ಹಳೆಯ ಯಂತ್ರಗಳನ್ನು ನೆಟ್‌ವರ್ಕ್‌ನ ಪ್ರತ್ಯೇಕ ಭಾಗದಲ್ಲಿಟ್ಟು, ಅವು ಚಿತ್ರ ಕಳುಹಿಸಬೇಕಾದ ಸರ್ವರ್ ಜೊತೆ ಮಾತ್ರ ಮಾತಾಡುವಂತೆ ಮಾಡಬೇಕು. ಕನ್ಸೋಲ್‌ನಲ್ಲಿ ಇಮೇಲ್, ಯೂಟ್ಯೂಬ್ ತೆರೆಯಬಾರದು. ತಯಾರಕರು ದೃಢಪಡಿಸಿದ ತೇಪೆಗಳನ್ನು ತಡಮಾಡದೆ ಹಾಕಿಸಬೇಕು. ಬ್ಯಾಕಪ್ ಪ್ರತಿ ನೆಟ್‌ವರ್ಕ್‌ನಿಂದ ಹೊರಗೂ ಇರಬೇಕು. ಕಂಪ್ಯೂಟರ್ ನಿಂತರೆ ಕೈಬರಹದಲ್ಲಿ ಕೆಲಸ ಮಾಡುವ ಅಭ್ಯಾಸ ಸಿಬ್ಬಂದಿಗೆ ಇರಬೇಕು.

ಹೊಸ ಯಂತ್ರ ಕೊಳ್ಳುವಾಗ 'ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತೀರಿ?' ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಅಮೆರಿಕದಲ್ಲಿ 2023ರ ಮಾರ್ಚ್‌ನಿಂದ ಇದಕ್ಕೆ ಕಾನೂನಿನ ಬಲವಿದೆ. ಇಂಟರ್‌ನೆಟ್‌ಗೆ ಸೇರಬಲ್ಲ ಹೊಸ ವೈದ್ಯಕೀಯ ಉಪಕರಣಕ್ಕೆ ಅನುಮತಿ ಕೇಳುವ ತಯಾರಕರು, ಅದರಲ್ಲಿ ಯಾವ ಯಾವ ತಂತ್ರಾಂಶ ಇದೆ ಎಂಬ ಪಟ್ಟಿ ಮತ್ತು ದೋಷ ಸರಿಪಡಿಸುವ ಯೋಜನೆಯನ್ನು ಕೊಡಲೇಬೇಕು.

ನೀವು ಏನು ಮಾಡಬಹುದು?

- ಪರೀಕ್ಷೆ ಬಿಡಬೇಡಿ. ತಲೆಗೆ ಪೆಟ್ಟಾದಾಗ, ಎದೆನೋವು ಬಂದಾಗ, ಗಡ್ಡೆಯ ಅನುಮಾನ ಇದ್ದಾಗ ಪರೀಕ್ಷೆ ಮುಂದೂಡುವುದರಿಂದ ಆಗುವ ಹಾನಿಯೇ ದೊಡ್ಡದು.
- ನಿಮ್ಮ ಪ್ರತಿ ನಿಮ್ಮ ಬಳಿ ಇರಲಿ. ಫಿಲ್ಮ್, ಸಿಡಿ, ಮುದ್ರಿತ ರಿಪೋರ್ಟ್ ಜೋಪಾನವಾಗಿಡಿ. ತೆಗೆದುಕೊಳ್ಳುವ ಔಷಧಿ ಮತ್ತು ಅಲರ್ಜಿಯ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ಆಸ್ಪತ್ರೆಯ ಸರ್ವರ್ ನಿಂತ ದಿನ ಅದು ನಿಮ್ಮ ಕೈ ಹಿಡಿಯುತ್ತದೆ.
- ನಿಮ್ಮ ಪೆನ್ ಡ್ರೈವ್ ಕೊಟ್ಟು 'ಇದಕ್ಕೆ ಹಾಕಿಕೊಡಿ' ಎಂದು ಕೇಳಬೇಡಿ. ಅದರಲ್ಲಿ ಏನಿದೆ ಎಂಬುದು ನಿಮಗೂ ಗೊತ್ತಿರುವುದಿಲ್ಲ.
- ಕನ್ಸೋಲ್ ಪರದೆಯ ಫೋಟೊ ಹಂಚಬೇಡಿ. ಅದರಲ್ಲಿ ಬೇರೆ ರೋಗಿಗಳ ಹೆಸರು, ವಯಸ್ಸು, ಕಾಯಿಲೆ ಇರಬಹುದು.
- ರಿಪೋರ್ಟ್ ಬಗ್ಗೆ ಅನುಮಾನವಿದ್ದರೆ ವೈದ್ಯರನ್ನು ಕೇಳಿ, ಬೇಕಿದ್ದರೆ ಅದೇ ಚಿತ್ರಗಳನ್ನು ಇನ್ನೊಬ್ಬ ರೇಡಿಯಾಲಜಿಸ್ಟ್‌ಗೆ ತೋರಿಸಿ.
- ಆಸ್ಪತ್ರೆಯ ಹೆಸರಿನಲ್ಲಿ ಹಣ, ಒಟಿಪಿ ಕೇಳುವ ಕರೆ ಬಂದರೆ ಕೊಡಬೇಡಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಕೊನೆಯ ಮಾತು

'ಹಳೆಯ ವಿಂಡೋಸ್ ಇದೆ, ಆದ್ದರಿಂದ ರಿಪೋರ್ಟ್ ಸುಳ್ಳು' ಎಂಬುದು ತಪ್ಪು. 'ಹಳೆಯದಾದರೆ ಏನಾಯಿತು, ಕೆಲಸ ಮಾಡುತ್ತಿದೆಯಲ್ಲ' ಎಂಬುದೂ ತಪ್ಪು. ಸ್ಕ್ಯಾನ್ ಮಾಡಿಸಿಕೊಳ್ಳುವುದು ರೋಗಿಯ ಕೆಲಸ, ಯಂತ್ರವನ್ನು ಕಾಯುವುದು ಆಸ್ಪತ್ರೆ ಮತ್ತು ತಯಾರಕರ ಕೆಲಸ. ಇಂಥ ಫಾರ್ವರ್ಡ್ ಮುಂದಿನ ಸಲ ನಿಮ್ಮ ಮನೆಯ ಗುಂಪಿಗೆ ಬಂದಾಗ ಒಂದು ಕ್ಷಣ ಯೋಚಿಸಿ. ನಾಳೆ ಬೆಳಿಗ್ಗೆ ಸ್ಕ್ಯಾನ್‌ಗೆ ಹೋಗಬೇಕಿರುವ ಹಿರಿಯರೊಬ್ಬರು ಅದೇ ಗುಂಪಿನಲ್ಲಿ ಇರಬಹುದು. ಅವರನ್ನು ಹೆದರಿಸಿ ಮನೆಯಲ್ಲಿ ಕೂರಿಸುವ ಸಂದೇಶಕ್ಕಿಂತ, ಹಳೆಯ ರಿಪೋರ್ಟ್‌ಗಳನ್ನೂ ಜೊತೆಗೆ ತೆಗೆದುಕೊಂಡು ಹೋಗಿ ಎಂದು ನೆನಪಿಸುವ ಸಂದೇಶ ಹೆಚ್ಚು ಉಪಯುಕ್ತ.